ಅಪ್‌ಡೇಟ್ ಬಂತು, ಇಳಿಸಿಕೊಳ್ಳೋಕೆ ಜಾಗ ಇರಲಿಲ್ಲ

ಹದಿನಾಲ್ಕು ತಿಂಗಳು ಕಾದ ಮೇಲೆ ನನ್ನ ಫೋನಿಗೆ ಆಂಡ್ರಾಯ್ಡ್ 10 ಬಂತು. ಆಸೆಯಿಂದ ಬಟನ್ ಒತ್ತಿದೆ. 'ಸಾಕಷ್ಟು ಜಾಗವಿಲ್ಲ, ಇನ್ನೂ 3.1 ಜಿಬಿ ಖಾಲಿ ಮಾಡಿ' ಎಂದಿತು. ಆಗ ಉಳಿದಿದ್ದದ್ದು ಬರೀ 400 ಎಂಬಿ.

ಫೋನು 2019ರಲ್ಲಿ ಕೊಂಡದ್ದು. 32 ಜಿಬಿ ಸ್ಟೋರೇಜ್, ಆಂಡ್ರಾಯ್ಡ್ 9. ಕೊಳ್ಳುವಾಗ ಕ್ಯಾಮೆರಾ ನೋಡಿದ್ದೆ, ಬ್ಯಾಟರಿ ನೋಡಿದ್ದೆ, ಬಣ್ಣವನ್ನೂ ನೋಡಿದ್ದೆ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಬೇಕು ಅಂತ ಹೊಳೆಯಲೇ ಇಲ್ಲ. 32 ಜಿಬಿ ಸಾಕು ಅನ್ನಿಸಿತ್ತು. ಡಬ್ಬಿ ತೆರೆದ ದಿನವೇ ಅದರಲ್ಲಿ 11 ಜಿಬಿ ಸಿಸ್ಟಮ್ ನುಂಗಿ ಕೂತಿತ್ತು. ನನ್ನ ಪಾಲಿಗೆ ಉಳಿದದ್ದು 21. ಮನೆ ಬಾಡಿಗೆಗೆ ತಗೊಂಡು ಒಳಗೆ ಹೋದರೆ ಒಂದು ಕೋಣೆಗೆ ಮಾಲೀಕರ ಬೀಗ ಬಿದ್ದಿರುತ್ತದಲ್ಲ, ಹಾಗೆ.

ಜಾಗ ಸಾಲದು ಎಂದಾಗ ಎಲ್ಲರೂ ಮೊದಲು ಮಾಡುವುದನ್ನೇ ನಾನೂ ಮಾಡಿದೆ. ಕ್ಲೀನರ್ ಆ್ಯಪ್ ಹಾಕಿಕೊಂಡೆ. ಅದು ಹಸಿರು ಚಕ್ರ ತಿರುಗಿಸಿ, '1.2 ಜಿಬಿ ಕಸ ತೆಗೆದಿದ್ದೇನೆ' ಎಂದು ಬೀಗಿತು. ತೆಗೆದದ್ದು ಆ್ಯಪ್‌ಗಳ ಕ್ಯಾಶ್. ಕ್ಯಾಶ್ ಅಂದರೆ ಆ್ಯಪ್ ಬೇಗ ತೆರೆಯಲಿ ಎಂದು ಪಕ್ಕಕ್ಕೆ ಇಟ್ಟುಕೊಳ್ಳುವ ಸಾಮಾನು. ಎರಡು ದಿನ ಬಳಸುವಷ್ಟರಲ್ಲಿ ಮತ್ತೆ ಅಷ್ಟೇ ತುಂಬಿತ್ತು. ಮೇಲಿಂದ ಆ ಕ್ಲೀನರೇ 180 ಎಂಬಿ ತಿನ್ನುತ್ತಿತ್ತು, ಜಾಹೀರಾತು ಬೇರೆ. ಕಸ ಗುಡಿಸಲು ಬಂದವನೇ ಹಾಸಿಗೆ ಬಿಚ್ಚಿ ಮಲಗಿದಂತೆ. ಅಂದೇ ತೆಗೆದುಹಾಕಿದೆ.

ಆಮೇಲೆ ಒಂದು ಭಾನುವಾರ ಸುಮ್ನೆ ಕೂತು ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟ ತೆರೆದು ಕಾಗದದ ಮೇಲೆ ಬರೆದುಕೊಂಡೆ. ಆ್ಯಪ್‌ಗಳು 6.9 ಜಿಬಿ. ಕ್ಯಾಮೆರಾ ಫೋಟೊ, ವಿಡಿಯೊ 4.1. ಡೌನ್‌ಲೋಡ್ ಮತ್ತಿತರೆ 1. ವಾಟ್ಸಾಪ್ ಒಂದೇ 8.6! ನನಗೆ ಸಿಕ್ಕಿದ್ದ 21ರಲ್ಲಿ ಎಂಟೂವರೆಗಿಂತ ಜಾಸ್ತಿ ಅಲ್ಲೇ ಹೋಗಿತ್ತು. ಕ್ಲೀನರ್ ಅದನ್ನು ಮುಟ್ಟಿರಲೂ ಇಲ್ಲ. ಯಾಕೆಂದರೆ ಅದರ ಲೆಕ್ಕದಲ್ಲಿ ಅದು ಕಸವಲ್ಲ, ನನ್ನ ಆಸ್ತಿ.

ವಾಟ್ಸಾಪ್ ಫೋಲ್ಡರ್ ಒಳಗೆ ಹೋಗಿ ನೋಡಿದ್ದೇ ನನಗೆ ನಿಜವಾದ ಪಾಠ. ಆಗ ಅದು ಸ್ಟೋರೇಜ್ ತೆರೆದ ಕೂಡಲೇ ಕಾಣುತ್ತಿತ್ತು. ಈಗ 'ಆಂಡ್ರಾಯ್ಡ್' ಫೋಲ್ಡರ್, ಅದರೊಳಗೆ 'ಮೀಡಿಯಾ', ಅದರೊಳಗೆ ಇರುತ್ತದೆ. ಚಿತ್ರ ಮತ್ತು ವಿಡಿಯೊ ಫೋಲ್ಡರ್‌ಗಳ ಒಳಗೆ 'ಸೆಂಟ್' ಅಂತ ಇನ್ನೊಂದು ಇದೆ. ನಾವು ಕಳಿಸಿದ್ದರ ಪ್ರತಿ ಅಲ್ಲಿ ಕೂರುತ್ತದೆ. ಅಕ್ಕನ ಮಗು ಮೊದಲ ಸಲ ನಡೆದಾಗ ನಾನು ತೆಗೆದ ವಿಡಿಯೊ ಕ್ಯಾಮೆರಾ ಫೋಲ್ಡರ್‌ನಲ್ಲಿ ಒಂದು ಇತ್ತು, ಮನೆಯವರ ಗುಂಪಿಗೆ ಕಳಿಸಿದ್ದರಿಂದ ಸೆಂಟ್‌ನಲ್ಲಿ ಇನ್ನೊಂದು ಇತ್ತು. ಎರಡನೆಯದು ಗಾತ್ರ ಕುಗ್ಗಿಸಿದ ಮಸುಕು ಪ್ರತಿ. ಹೀಗೆ ನೂರಾರು. ಸೆಂಟ್ ಫೋಲ್ಡರ್ ಒಂದರಿಂದಲೇ 1.7 ಜಿಬಿ ಬಂತು.

ಇನ್ನೊಂದು, 'ಡೇಟಾಬೇಸಸ್' ಎಂಬ ಫೋಲ್ಡರ್. ವಾಟ್ಸಾಪ್ ದಿನಾ ರಾತ್ರಿ ಮಾತುಕತೆಯ ಬ್ಯಾಕಪ್ ಮಾಡಿ ಫೋನಿನಲ್ಲೇ ಇಡುತ್ತದೆ. ಹೆಸರಿನಲ್ಲಿ ತಾರೀಖು ಇರುವ ಹಳೆಯ ಪ್ರತಿಗಳೂ ಕೆಲವು ದಿನ ಹಾಗೇ ಉಳಿಯುತ್ತವೆ. ನನ್ನದು ಒಂದೊಂದೂ 150 ಎಂಬಿ. ತಾರೀಖು ಇಲ್ಲದ ಹೊಸ ಪ್ರತಿ ಬಿಟ್ಟು ಉಳಿದವನ್ನು ಅಳಿಸಿದೆ. ಹೊಸದನ್ನು ಮಾತ್ರ ಮುಟ್ಟಬೇಡಿ.

ಉಳಿದದ್ದು ಗುಂಪುಗಳ ಕೃಪೆ. ಶುಭೋದಯದ ಚಿತ್ರಗಳು, ಹಬ್ಬದ ಶುಭಾಶಯ, ಯಾರೋ ಯಾರಿಗೋ ಬೈದ ವಿಡಿಯೊ. ಗಾತ್ರದ ಪ್ರಕಾರ ಜೋಡಿಸಿ ದೊಡ್ಡದರಿಂದ ಅಳಿಸುತ್ತಾ ಬಂದೆ. ಚಿಕ್ಕ ಚಿತ್ರಗಳನ್ನು ಒಂದೊಂದಾಗಿ ಅಳಿಸುತ್ತಾ ಕೂತರೆ ಬೆರಳು ನೋಯುತ್ತದೆ, ಜಾಗ ಸಿಗುವುದಿಲ್ಲ. ಐವತ್ತು ಶುಭೋದಯಕ್ಕಿಂತ ಒಂದು ವಿಡಿಯೊ ಭಾರ. ಈಗ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲೇ ಸ್ಟೋರೇಜ್ ನಿಭಾಯಿಸುವ ಪುಟ ಇದೆ. 5 ಎಂಬಿಗಿಂತ ದೊಡ್ಡವನ್ನೂ ಮತ್ತೆ ಮತ್ತೆ ಫಾರ್ವರ್ಡ್ ಆದವನ್ನೂ ಅದು ಬೇರೆ ಮಾಡಿ ತೋರಿಸುತ್ತದೆ. ಅದೇ ದಿನ ಆಟೊ ಡೌನ್‌ಲೋಡ್ ಪೂರ್ತಿ ನಿಲ್ಲಿಸಿದೆ. ಮೊದಲೇ ಇದನ್ನು ಮಾಡಿದ್ದಿದ್ದರೆ ಅರ್ಧ ಭಾನುವಾರ ಉಳಿಯುತ್ತಿತ್ತು.

ಒಂದು ಕಡೆ ಮಾತ್ರ ಕೈ ತಡೆಯಿತು. ಧ್ವನಿ ಸಂದೇಶಗಳ ಫೋಲ್ಡರ್. ಒಳಗೆ ವಾರಕ್ಕೊಂದರಂತೆ ಫೋಲ್ಡರ್‌ಗಳು, ಅವುಗಳ ಒಳಗೆ ತಾರೀಖು, ಸಂಖ್ಯೆಗಳ ಹೆಸರಿನ ಫೈಲ್‌ಗಳು. ಯಾವುದು ಯಾರದ್ದು ಗೊತ್ತಾಗುವುದೇ ಇಲ್ಲ. ಸುಮ್ನೆ ಒಂದನ್ನು ಒತ್ತಿದೆ. 'ಊಟ ಆಯ್ತೇನೋ? ಫೋನ್ ಎತ್ತು ಮಾರಾಯ' ಅಂತ ಅಮ್ಮನ ದನಿ. ಅಷ್ಟೇ, ಅಳಿಸಲಿಲ್ಲ. ಇಡೀ ಫೋಲ್ಡರನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ನಕಲು ಮಾಡಿದೆ. ಎಲ್ಲಾ ಸೇರಿ 300 ಎಂಬಿ ಇತ್ತು, ಅಷ್ಟೇ.

ಫೋಟೊಗಳನ್ನು ಗೂಗಲ್ ಫೋಟೋಸ್‌ಗೆ ಏರಿಸಿ, 'ಫ್ರೀ ಅಪ್ ಸ್ಪೇಸ್' ಒತ್ತಿ ಫೋನಿನಿಂದ ತೆಗೆದೆ. ಇಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಆ ಬಟನ್ ಒತ್ತಿದರೆ ಫೋನಿನ ಪ್ರತಿ ಮಾತ್ರ ಹೋಗುತ್ತದೆ. ಫೋಟೊ ಆರಿಸಿ ಕಸದಬುಟ್ಟಿ ಒತ್ತಿದರೆ ಎರಡೂ ಕಡೆ ಹೋಗುತ್ತದೆ. ವ್ಯತ್ಯಾಸ ತಿಳಿಯುವ ಮೊದಲು ನಲವತ್ತು ಫೋಟೊ ಕಳೆದಿದ್ದೆ. ಕಸದಬುಟ್ಟಿಯಲ್ಲಿ ಇನ್ನೂ ಇದ್ದವು, ವಾಪಸ್ ಬಂದವು. ಆಗ ಗೂಗಲ್ ಫೋಟೋಸ್‌ನಲ್ಲಿ ಗುಣಮಟ್ಟ ಸ್ವಲ್ಪ ಇಳಿಸಿ ಎಷ್ಟು ಬೇಕಾದರೂ ಉಚಿತವಾಗಿ ಇಡಬಹುದಿತ್ತು. 2021ರ ಜೂನ್ 1ರಿಂದ ಅದು ನಿಂತಿತು. ಈಗ ಮೇಲ್, ಡ್ರೈವ್, ಫೋಟೊ ಎಲ್ಲಕ್ಕೂ ಸೇರಿ 15 ಜಿಬಿ, ವಾಟ್ಸಾಪ್ ಬ್ಯಾಕಪ್ಪೂ ಅದರೊಳಗೇ. ಫೋನಿನ ಜಾಗದ ತಾಪತ್ರಯ ಈಗ ಅಲ್ಲಿಗೂ ಹೋಗಿದೆ. ನಾನು ವರ್ಷಕ್ಕೆ ಎರಡು ಸಲ ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ಇಳಿಸುತ್ತೇನೆ.

ಆ್ಯಪ್‌ಗಳ 6.9 ಜಿಬಿಯಲ್ಲಿ ಒಂದು ಗುಟ್ಟು ಇತ್ತು. ಫೋನಿನ ಜೊತೆಗೇ ಬರುವ ಆ್ಯಪ್‌ಗಳು ಸಿಸ್ಟಮ್ ಭಾಗದಲ್ಲಿ ಇರುತ್ತವೆ, ಅವನ್ನು ಕಿತ್ತುಹಾಕಲು ಆಗುವುದಿಲ್ಲ. ಆದರೆ ಅವುಗಳಿಗೆ ಅಪ್‌ಡೇಟ್ ಬಂದಾಗ ಹೊಸ ಪ್ರತಿ ನಮ್ಮ ಪಾಲಿನ ಜಾಗಕ್ಕೆ ಬಂದು ಕೂರುತ್ತದೆ. ಹಳೆಯದು ಅಲ್ಲೇ ಇರುತ್ತದೆ. ಒಂದೇ ಆ್ಯಪ್, ಎರಡು ಕಡೆ ಬಿಡಾರ. ನಾನು ಒಮ್ಮೆಯೂ ತೆರೆಯದ ಸಿನಿಮಾ ಆ್ಯಪ್, ಆಟಗಳ ಆ್ಯಪ್, ಎರಡನೇ ಬ್ರೌಸರ್ ಹೀಗೆಯೇ ಬೆಳೆದಿದ್ದವು. ಆ್ಯಪ್ ಮಾಹಿತಿ ಪುಟದಲ್ಲಿ ಮೂಲೆಯ ಮೂರು ಚುಕ್ಕಿ ಒತ್ತಿ ಅಪ್‌ಡೇಟ್‌ಗಳನ್ನು ತೆಗೆದುಹಾಕಿ, ಆಮೇಲೆ ಡಿಸೇಬಲ್ ಮಾಡಿದೆ. ಡಿಸೇಬಲ್ ಮಾಡದಿದ್ದರೆ ಪ್ಲೇ ಸ್ಟೋರ್ ಅದೇ ರಾತ್ರಿ ಮತ್ತೆ ತುಂಬಿಡುತ್ತದೆ. ಈ ಒಂದು ಕೆಲಸದಿಂದ 900 ಎಂಬಿ ಸಿಕ್ಕಿತು. ಕೆಲವಕ್ಕೆ ಡಿಸೇಬಲ್ ಬಟನ್ನೇ ಇರುವುದಿಲ್ಲ. ಅವನ್ನು ಎಡಿಬಿ ಎಂಬ, ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ತಂತ್ರಾಂಶ ಬಳಸಿ ತೆಗೆದೆ. ಹಾಗೆ ತೆಗೆದರೂ ಸಿಸ್ಟಮ್ ಭಾಗದಲ್ಲಿ ಒಂದು ಎಂಬಿಯೂ ಖಾಲಿ ಆಗುವುದಿಲ್ಲ. ಖಾಲಿ ಆಗುವುದು ನಮ್ಮ ಕಡೆಯ ಜಾಗ ಮಾತ್ರ.

ಮೆಮೊರಿ ಕಾರ್ಡ್ ಹಾಕಬಾರದಿತ್ತಾ ಅಂತ ಕೇಳಬಹುದು. ಹಾಕಿದ್ದೆ. 2015ರ ಆಂಡ್ರಾಯ್ಡ್ 6ರಿಂದಲೇ ಕಾರ್ಡನ್ನು ಒಳಗಿನ ಸ್ಟೋರೇಜಿನಂತೆ ಬಳಸುವ ಸೌಲಭ್ಯ ಇದೆ. ನನ್ನ ಫೋನು ಮಾಡಿದವರು ಅದನ್ನು ತೆಗೆದುಹಾಕಿದ್ದರು. ಫೋಟೊ ಮತ್ತು ಹಾಡು ಇಡಬಹುದು, ಅಷ್ಟೇ. ಅದಕ್ಕಿಂತ ಕೆಟ್ಟದ್ದು, ನಾನು ಮೊದಲು ತಂದ 128 ಜಿಬಿ ಕಾರ್ಡ್ ನಕಲಿ. ನಕಲಿ ಕಾರ್ಡ್ ಫೋನಿಗೆ 128 ಎಂದೇ ಸುಳ್ಳು ಹೇಳುತ್ತದೆ. ನಿಜವಾದ ಅಳತೆ ಮುಗಿಯುವವರೆಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ, ಆಮೇಲೆ ಬರೆದದ್ದು ಸದ್ದಿಲ್ಲದೆ ಮಾಯ. ನನ್ನ ಫೋಟೊಗಳು ಮೇಲೆ ಅರ್ಧ ಚಿತ್ರ, ಕೆಳಗೆ ಬೂದು ಬಣ್ಣ ಆದಾಗಲೇ ಗೊತ್ತಾಗಿದ್ದು. ಈಗ ಯಾವ ಕಾರ್ಡ್ ತಂದರೂ ಮೊದಲು ಕಂಪ್ಯೂಟರಿಗೆ ಹಾಕಿ ಎಫ್3 ತಂತ್ರಾಂಶದಿಂದ ಪೂರ್ತಿ ತುಂಬಿಸಿ ಓದಿಸಿ ನೋಡುತ್ತೇನೆ. ಗಂಟೆಗಟ್ಟಲೆ ಹಿಡಿಯುತ್ತದೆ. ಹಿಡಿಯಲಿ.

ಅಂತೂ 6 ಜಿಬಿ ಖಾಲಿ ಆಯಿತು. ಮೊದಲು ಕಣ್ಣಿಗೆ ಬಿದ್ದದ್ದು ವೇಗ. ಕೀಬೋರ್ಡ್ ತೆರೆಯಲು ಎರಡು ಸೆಕೆಂಡು ತಗೊಳ್ಳುತ್ತಿದ್ದ ಫೋನು ಚುರುಕಾಯಿತು. ಕಾರಣ ಇದೆ. ಫೋನಿನ ಫ್ಲ್ಯಾಶ್ ಮೆಮೊರಿಯಲ್ಲಿ, ಅಂದರೆ ಎಲ್ಲವನ್ನೂ ಉಳಿಸಿಡುವ ಚಿಪ್ಪಿನಲ್ಲಿ, ಒಂದು ಅಕ್ಷರ ಒರೆಸಿ ಅಲ್ಲೇ ತಿದ್ದಲು ಆಗುವುದಿಲ್ಲ. ಒರೆಸಿದರೆ ಇಡೀ ಸ್ಲೇಟನ್ನೇ ಒರೆಸಬೇಕು. ಹಾಗಾಗಿ ಉಳಿಸಿಕೊಳ್ಳಬೇಕಾದದ್ದನ್ನು ಇನ್ನೊಂದು ಖಾಲಿ ಸ್ಲೇಟಿಗೆ ಬರೆದು ಆಮೇಲೆ ಇದನ್ನು ಒರೆಸುತ್ತದೆ. ಖಾಲಿ ಸ್ಲೇಟೇ ಇಲ್ಲದಿದ್ದರೆ ಪ್ರತಿ ಚಿಕ್ಕ ಕೆಲಸಕ್ಕೂ ಪರದಾಟ. ಫೋನು ಹಳೆಯದಾಯಿತು ಅಂತ ನಾವು ಬೈಯುತ್ತೇವೆ. ಎಷ್ಟೋ ಸಲ ಅದು ಬರೀ ತುಂಬಿರುತ್ತದೆ.

ಆ ರಾತ್ರಿಯೇ ಆಂಡ್ರಾಯ್ಡ್ 10 ಹಾಕಿದೆ. ಸಿಸ್ಟಮ್ ಲೆಕ್ಕ 11ರಿಂದ 12.3 ಜಿಬಿಗೆ ಏರಿತು. ಮಾಲೀಕರು ಇನ್ನೊಂದು ಕಪಾಟಿಗೂ ಬೀಗ ಹಾಕಿದರು. ಅದಾದ ಮೇಲೆ ಎರಡು ಭದ್ರತಾ ಪ್ಯಾಚ್, ಅಂದರೆ ಸಿಸ್ಟಮ್ಮಿನ ತೂತು ಮುಚ್ಚುವ ತೇಪೆಗಳು, ಬಂದವು. ಎರಡೂ ಬಂದದ್ದು ತಲಾ ಮೂರು ತಿಂಗಳು ತಡವಾಗಿ. ಕೊನೆಯದರ ತಾರೀಖು 2021ರ ಮಾರ್ಚ್. ಆಮೇಲೆ ಏನೂ ಬರಲಿಲ್ಲ.

ಕಂಪನಿಗೆ ಬರೆದು ಕೇಳಿದೆ. 'ನಿಮ್ಮ ಸಲಹೆಯನ್ನು ಸಂಬಂಧಪಟ್ಟ ತಂಡಕ್ಕೆ ತಲುಪಿಸಿದ್ದೇವೆ' ಎಂಬ ಉತ್ತರ ಬಂತು. ನಾನು ಕೊಟ್ಟದ್ದು ಸಲಹೆ ಅಲ್ಲ, ಕೇಳಿದ್ದು ಪ್ರಶ್ನೆ. ಮತ್ತೆ ಬರೆದೆ, ಅದೇ ಉತ್ತರ. ಮೂರನೇ ಸಲ ಬರೆಯಲಿಲ್ಲ.

ಅಪ್‌ಡೇಟ್ ಯಾಕೆ ಹೀಗೆ ಸಾಯುತ್ತದೆ ಎಂದು ಆಮೇಲೆ ಓದಿಕೊಂಡೆ. ಗೂಗಲ್ ಹೊಸ ಆಂಡ್ರಾಯ್ಡ್ ಬಿಡುತ್ತದೆ. ಅದು ಚಿಪ್ ಮಾಡಿದವರ ಕೈ ದಾಟಬೇಕು, ಆಮೇಲೆ ಫೋನ್ ಮಾಡಿದವರು ತಮ್ಮ ವೇಷ ತೊಡಿಸಬೇಕು, ಪರೀಕ್ಷೆ ಮಾಡಬೇಕು. ಚಿಪ್ಪಿನವರು ಹಳೆಯ ಚಿಪ್ ಕೈಬಿಟ್ಟರೆ ಫೋನಿನವರಿಗೆ ಕೆಲಸ ಕಷ್ಟ. ಫೋನ್ ಒಮ್ಮೆ ಮಾರಾಟವಾದ ಮೇಲೆ ಆ ಕಷ್ಟಪಡಲು ಅವರಿಗೆ ಕಾರಣವೂ ಕಡಿಮೆ. 2017ರ ಆಂಡ್ರಾಯ್ಡ್ 8ರಲ್ಲಿ ಗೂಗಲ್ ಪ್ರಾಜೆಕ್ಟ್ ಟ್ರೆಬಲ್ ತಂದು ಚಿಪ್ಪಿನ ಭಾಗವನ್ನೂ ಆಂಡ್ರಾಯ್ಡ್ ಭಾಗವನ್ನೂ ಬೇರೆ ಮಾಡಿತು. ದಾರಿ ಸಲೀಸಾಯಿತು ನಿಜ, ಆದರೆ ನಡೆಯುವ ಮನಸ್ಸು ಫೋನ್ ಮಾಡಿದವರಿಗೇ ಬರಬೇಕಲ್ಲ. ಸ್ವಯಂಸೇವಕರು ಸೇರಿ ಮಾಡುವ ಆಂಡ್ರಾಯ್ಡ್ ಆದ ಲೀನಿಯೇಜ್ ಓಎಸ್ ಹಾಕಿ ನೋಡೋಣ ಎಂದರೆ ಅದರ ಪಟ್ಟಿಯಲ್ಲಿ ನನ್ನ ಮಾಡೆಲ್ಲೇ ಇಲ್ಲ.

ಇಷ್ಟಾದರೂ ಆ ಭಾನುವಾರದ ಕೆಲಸ ವ್ಯರ್ಥ ಆಗಲಿಲ್ಲ ಅಂತ ತಿಳಿದದ್ದು 2025ರಲ್ಲಿ. ಆ ವರ್ಷ ಕ್ರೋಮ್ ಬ್ರೌಸರ್ ಆಂಡ್ರಾಯ್ಡ್ 8 ಮತ್ತು 9ರ ಕೈ ಬಿಟ್ಟಿತು. ಹೊಸ ಕ್ರೋಮ್ ಬೇಕಾದರೆ ಕನಿಷ್ಠ 10 ಇರಬೇಕು. ನನ್ನದು ಸರಿಯಾಗಿ 10. ಅವತ್ತು ಜಾಗ ಇಲ್ಲ ಅಂತ 'ಆಮೇಲೆ' ಒತ್ತಿ ಬಿಟ್ಟಿದ್ದರೆ ಬ್ರೌಸರ್ ಕೂಡ ಅಲ್ಲೇ ನಿಲ್ಲುತ್ತಿತ್ತು.

ಬ್ಯಾಂಕ್ ಆ್ಯಪ್‌ಗಳನ್ನು ಮಾತ್ರ ಅದರಿಂದ ತೆಗೆದಿದ್ದೇನೆ. ಬ್ರೌಸರ್ ಹೊಸದಾದರೂ ಕೆಳಗಿನ ಸಿಸ್ಟಮ್ಮಿನ ತೂತುಗಳು 2021ರಿಂದ ತೆರೆದೇ ಇವೆ. ದುಡ್ಡಿನ ವ್ಯವಹಾರಕ್ಕೆ ಬೇರೆ ಫೋನು ಕೊಂಡೆ. ತಂಗಿ ಜೊತೆಗೆ ಇದ್ದಳು. 'ಅಣ್ಣಾ, ಕ್ಯಾಮೆರಾ ನೋಡಲ್ವಾ?' ಅಂದಳು. 'ಮೊದಲು ತಾರೀಖು ನೋಡ್ತೀನಿ' ಅಂದೆ. ಅಪ್‌ಡೇಟಿನ ವರ್ಷಗಳನ್ನು ಸಾಮಾನ್ಯವಾಗಿ ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ ಎಣಿಸುತ್ತಾರೆ, ನಾವು ಕೊಂಡ ದಿನದಿಂದ ಅಲ್ಲ. ನಾಲ್ಕು ವರ್ಷ ಎಂದು ಬರೆದಿದ್ದು, ಮಾಡೆಲ್ ಎರಡು ವರ್ಷ ಹಳೆಯದಾಗಿದ್ದರೆ ನಮಗೆ ಸಿಗುವುದು ಎರಡೇ. ಅಗ್ಗಕ್ಕೆ ಸಿಗುವ ಹಳೆಯ ಮಾಡೆಲ್‌ಗಳಲ್ಲಿ ಈ ಲೆಕ್ಕ ತಪ್ಪುವುದು ಸುಲಭ. ದುಬಾರಿ ಫೋನುಗಳಲ್ಲಿ ಈಗ ಏಳು ವರ್ಷದ ಮಾತು ಕೊಡುತ್ತಿದ್ದಾರೆ. 2023ರಲ್ಲಿ ಪಿಕ್ಸೆಲ್ 8, 2024ರ ಶುರುವಿನಲ್ಲಿ ಗ್ಯಾಲಕ್ಸಿ ಎಸ್24 ಹೀಗೆ ಬಂದವು. ನಾನು ಕೊಂಡದ್ದು ಅಷ್ಟು ದುಬಾರಿಯದ್ದಲ್ಲ. 128 ಜಿಬಿ, ಇನ್ನೂ ನಾಲ್ಕು ವರ್ಷ ಬಾಕಿ ಇರುವಂಥದ್ದು.

ಹಳೆಯದು ಈಗ ಹಾಡು ಕೇಳಲು, ಓದಲು ಇದೆ. ಮೊನ್ನೆ ಸುಮ್ನೆ ಅದರ ಅಪ್‌ಡೇಟ್ ಪುಟ ತೆರೆದೆ. ಚಕ್ರ ಒಂದು ಸುತ್ತು ತಿರುಗಿತು. 'ನಿಮ್ಮ ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆ' ಎಂದು ಹಸಿರು ಟಿಕ್ ಮಾರ್ಕ್ ಬಂತು. ಅದರ ಕೆಳಗೇ ಸಣ್ಣ ಅಕ್ಷರದಲ್ಲಿ: ಭದ್ರತಾ ಪ್ಯಾಚ್, ಮಾರ್ಚ್ 2021.