ಯಾವ ಇನ್‌ಹೇಲರ್? ಮೊದಲು ಮಗುವಿನ ವಯಸ್ಸು ಹೇಳಿ

ತೀರ್ಥಹಳ್ಳಿ ಕಡೆ ಮಕ್ಕಳ ಡಾಕ್ಟರ್ ನಾನು. ಜೂನ್ ಬಂತೆಂದರೆ ಉಬ್ಬಸದ ಮಕ್ಕಳೇ ಜಾಸ್ತಿ. ಅಪ್ಪ-ಅಮ್ಮ ಈಗ ಮೊಬೈಲಿನಲ್ಲಿ ಹೆಸರು ನೋಡಿಕೊಂಡೇ ಬರುತ್ತಾರೆ: ಬುಡೆಸೊನೈಡ್ ಒಳ್ಳೇದಾ, ಫ್ಲುಟಿಕಾಸೋನಾ?

ಎರಡೂ ಉಬ್ಬಸ ಹತೋಟಿಯಲ್ಲಿಡಲು ಉಸಿರಲ್ಲಿ ಎಳೆದುಕೊಳ್ಳುವ ಸ್ಟೀರಾಯ್ಡ್ ಔಷಧಿಗಳು. ಪ್ರಮಾಣ ಸರಿಯಿದ್ದರೆ ಎರಡೂ ಕೆಲಸ ಮಾಡುತ್ತವೆ. ಆದರೆ ಫ್ಲುಟಿಕಾಸೋನ್ 100 ಮೈಕ್ರೋಗ್ರಾಂ ಮಾಡುವ ಕೆಲಸಕ್ಕೆ ಬುಡೆಸೊನೈಡ್ ಹೆಚ್ಚುಕಡಿಮೆ 200 ಬೇಕು. ಡಬ್ಬಿ ಮೇಲಿನ ಅಂಕಿ ನೋಡಿ ಇದು ಸ್ಟ್ರಾಂಗು, ಅದು ಲೈಟು ಅನ್ನುವ ಹಾಗಿಲ್ಲ. ಸಿಕ್ಲೆಸೊನೈಡ್ ಅಂತ ಇನ್ನೊಂದು ಸ್ಟೀರಾಯ್ಡ್ ಇದೆ, ಅದು ಶ್ವಾಸಕೋಶಕ್ಕೆ ಹೋದ ಮೇಲೆ ಚುರುಕಾಗುವ ಔಷಧಿ. ಸ್ಟೀರಾಯ್ಡಿನಿಂದ ಬಾಯಲ್ಲಿ ಬಿಳಿ ಅಗ್ರ ಪದೇ ಪದೇ ಬರುವ ದೊಡ್ಡ ಮಕ್ಕಳಿಗೆ ಅದನ್ನು ಯೋಚಿಸುತ್ತೇನೆ.

ನಾನು ಮೊದಲು ಆರಿಸುವುದು ಔಷಧಿಯನ್ನಲ್ಲ, ಸಾಧನವನ್ನು. ಮೂರು ವರ್ಷದ ಮಗುವಿಗೆ ಪಂಪು (ಒತ್ತಿದರೆ ಔಷಧಿ ಚಿಮ್ಮುವ ಇನ್‌ಹೇಲರ್), ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ), ಮಾಸ್ಕ್. ಶಾಲೆಗೆ ಹೋಗುವ ಮಗುವಾದರೆ ಮಾಸ್ಕ್ ಬೇಡ, ಸ್ಪೇಸರನ್ನೇ ಬಾಯಿಗಿಟ್ಟರಾಯ್ತು. ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿಯ ಇನ್‌ಹೇಲರಿಗೆ ಜೋರಾಗಿ ಉಸಿರೆಳೆಯಬೇಕು, ಆರು ವರ್ಷದ ಒಳಗೆ ಅದು ಕಷ್ಟ. ಮೇಲಾಗಿ ನಮ್ಮ ಮಳೆಗಾಲದ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಆಗುಂಬೆ ಕಡೆಯವರಿಗಂತೂ ನಾನು ಪಂಪನ್ನೇ ಬರೆಯುವುದು.

ಬರೆದುಕೊಟ್ಟು ಸುಮ್ನೆ ಕಳಿಸುವುದಿಲ್ಲ. ಎದುರಿಗೇ ಮಾಡಿಸುತ್ತೇನೆ. ಪಂಪು ಕುಲುಕಿ, ಮಾಸ್ಕ್ ಮೂಗು-ಬಾಯಿಗೆ ಬಿಗಿಯಾಗಿ ಹಿಡಿದು, ಒಂದೇ ಪಫ್ ಒತ್ತಿ ಐದಾರು ಉಸಿರು. ಎರಡನೇ ಪಫ್‌ಗೆ ಮತ್ತೆ ಕುಲುಕಬೇಕು. ಮಗು ಕಿರುಚಿ ಅಳುತ್ತಿದ್ದರೆ ಔಷಧಿ ಒಳಗೆ ಹೋಗುವುದು ಅಷ್ಟಕ್ಕಷ್ಟೇ. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಮಾಸ್ಕಿನ ಮಗುವಿಗೆ ಮುಖವನ್ನೂ ಒರೆಸಬೇಕು. ಸ್ಪೇಸರನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಲ್ಲಿ ಒಳಗೆ ತಿಕ್ಕಿದರೆ ಪ್ಲಾಸ್ಟಿಕ್‌ನಲ್ಲಿ ಸ್ಟ್ಯಾಟಿಕ್ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೇ ಅಂಟುತ್ತದೆ. ಮಳೆಯಲ್ಲಿ ಆರುವುದಿಲ್ಲ ಅಂತ ಬಚ್ಚಲ ಒಲೆ ಹತ್ತಿರ ಇಡುವವರಿದ್ದಾರೆ, ಅದೂ ಬೇಡ.

ಇನ್ನು ಅಜ್ಜಿಯಂದಿರು. "ಪಂಪು ಒಂದ್ಸಲ ಹಿಡಿಸಿದ್ರೆ ಬಿಡೋಕಾಗಲ್ಲ ಡಾಕ್ಟ್ರೇ, ಸಿರಪ್ಪೇ ಬರ್ಕೊಡಿ." ಆಗ ಚೀಟಿಯ ಹಿಂದೆ ಲೆಕ್ಕ ಬರೆಯುತ್ತೇನೆ. ಉಬ್ಬಸ ಜೋರಾದಾಗ 15 ಕೆ.ಜಿ. ಮಗುವಿಗೆ ಕೊಡುವ ಸ್ಟೀರಾಯ್ಡ್ ಸಿರಪ್ ದಿನಕ್ಕೆ 15 ಮಿಲಿಗ್ರಾಂ ಆದರೂ ಇರುತ್ತದೆ. ಪಂಪಿನಲ್ಲಿ ದಿನಕ್ಕೆ 200 ಮೈಕ್ರೋಗ್ರಾಂ. ಒಂದು ದಿನದ ಸಿರಪ್ಪಿನ ತೂಕದಲ್ಲಿ 75 ದಿನದ ಪಂಪು! ಔಷಧಿ ಬೇರೆ ಬೇರೆ, ತೂಕವೊಂದೇ ಎಲ್ಲ ಹೇಳುವುದಿಲ್ಲ ನಿಜ, ಆದರೂ ಭಯ ಇಳಿಯುತ್ತದೆ.

ಎತ್ತರದ ಪ್ರಶ್ನೆ ಬಂದರೆ ಮುಚ್ಚಿಡುವುದಿಲ್ಲ. ದಿನಕ್ಕೆ 400 ಮೈಕ್ರೋಗ್ರಾಂ ಬುಡೆಸೊನೈಡ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡ ಮಕ್ಕಳು ದೊಡ್ಡವರಾದಾಗ ಸರಾಸರಿ 1.2 ಸೆಂಟಿಮೀಟರ್ ಕುಳ್ಳಗಿದ್ದರು ಎಂದು 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಹೇಳಿತು. ಅದಕ್ಕೇ ಹತೋಟಿಗೆ ಸಾಕಾಗುವಷ್ಟೇ ಕೊಟ್ಟು, ಪ್ರತಿ ಭೇಟಿಯಲ್ಲೂ ಎತ್ತರ ಅಳೆಯುತ್ತೇನೆ.

ಮೂರು ತಿಂಗಳು ಚೆನ್ನಾಗಿದ್ದರೆ ಪ್ರಮಾಣ ಇಳಿಸಬಹುದು. ಆದರೆ ಮಳೆಗಾಲದಲ್ಲಿ ಇಳಿಸುವುದಿಲ್ಲ, ಅಡಿಕೆ ಬೇಯಿಸುವ ಹೊಗೆಯ ದಿನಗಳಲ್ಲೂ ಇಲ್ಲ. ಕೊಯ್ಲು ಮುಗಿದ ಮೇಲೆ ಕರೆಸಿ ನಿಧಾನವಾಗಿ ಇಳಿಸುತ್ತೇನೆ, ಮೇ ಕೊನೆಯಲ್ಲಿ ಮತ್ತೆ ನೋಡುತ್ತೇನೆ.