ಲೇಟೆಕ್‌ನಲ್ಲಿ ಗಣಿತದ ಪ್ರಶ್ನೆಹಾಳೆ: ಚೌಕಟ್ಟಿನೊಳಗಿನ ಉತ್ತರ, ಬೇಕೆಂದಾಗ ಮಾತ್ರ

ಪ್ರಶ್ನೆಗಳಿಗೊಂದು, ಉತ್ತರಗಳಿಗೊಂದು ಎಂದು ಎರಡು ಕಡತ ಇಟ್ಟುಕೊಂಡರೆ ಲೆಕ್ಕದ ಒಂದು ಅಂಕಿ ಬದಲಾದರೂ ಎರಡು ಕಡೆ ತಿದ್ದಬೇಕು. ಸಾದಾ ಪಠ್ಯದಲ್ಲಿ ಬರೆದ ಕಡತವನ್ನು ಅಚ್ಚುಕಟ್ಟಾದ ಪಿಡಿಎಫ್ ಆಗಿ ಜೋಡಿಸಿಕೊಡುವ ಲೇಟೆಕ್ ತಂತ್ರಾಂಶದ ‘ಎಕ್ಸಾಮ್’ ಡಾಕ್ಯುಮೆಂಟ್ ಕ್ಲಾಸ್ (ಹಾಳೆಯ ಸಿದ್ಧ ವಿನ್ಯಾಸ) ಬಳಸಿದರೆ ಪ್ರಶ್ನೆಯ ಕೆಳಗೇ ಉತ್ತರವನ್ನೂ ಬರೆದಿಟ್ಟು, ಒಂದೇ ಕಡತದಿಂದ ವಿದ್ಯಾರ್ಥಿಗಳ ಪ್ರತಿಯನ್ನೂ ಶಿಕ್ಷಕರ ಪ್ರತಿಯನ್ನೂ ಪಡೆಯಬಹುದು. ಇಲ್ಲಿ ಉದ್ಧರಣ ಚಿಹ್ನೆಯೊಳಗೆ ಉಚ್ಚಾರಣೆಯಂತೆ ಬರೆದಿರುವ ಹೆಸರುಗಳನ್ನು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು; ಕಮಾಂಡ್ ಆದರೆ ಮೊದಲಿಗೆ ಬ್ಯಾಕ್‌ಸ್ಲ್ಯಾಷ್ ಸೇರಿಸಬೇಕು.

ಕಡತವನ್ನು ಪಿಡಿಎಫ್ ಆಗಿಸಲು (ಕಂಪೈಲ್ ಮಾಡಲು) ಕನ್ನಡದ ಹಾಳೆಗೆ ಲೇಟೆಕ್‌ನ ಝೀಲೇಟೆಕ್ ರೂಪ ಸೂಕ್ತ. ‘ಫಾಂಟ್‌ಸ್ಪೆಕ್’ ಪ್ಯಾಕೇಜ್ (ಹೆಚ್ಚುವರಿ ಸೌಲಭ್ಯ ಕೊಡುವ ಕಡತ) ಸೇರಿಸಿ, ನೋಟೋ ಸೆರಿಫ್ ಕನ್ನಡದಂಥ ಯೂನಿಕೋಡ್ ಫಾಂಟನ್ನು ಆರಿಸಿ, ಲಿಪಿ ಕನ್ನಡವೆಂದು ಸೂಚಿಸಿ. ಇದನ್ನು ಬಿಟ್ಟರೆ ಒತ್ತಕ್ಷರಗಳು ಚೆದುರಬಹುದು. ಸಮೀಕರಣಗಳಿಗೆ ‘ಎಎಮ್‌ಎಸ್‌ಮ್ಯಾತ್’ ಇರಲಿ.

‘ಕ್ವೆಶ್ಚನ್ಸ್’ ಎನ್ವಿರಾನ್‌ಮೆಂಟಿನೊಳಗೆ (‘ಬಿಗಿನ್’ ಮತ್ತು ‘ಎಂಡ್’ ಕಮಾಂಡುಗಳ ನಡುವಿನ ಭಾಗ) ಪ್ರತಿ ಲೆಕ್ಕವನ್ನೂ ‘ಕ್ವೆಶ್ಚನ್’ ಕಮಾಂಡಿನಿಂದ ಆರಂಭಿಸಿ. ಅದರ ಪಕ್ಕದ ಚೌಕಾವರಣದಲ್ಲಿ 3 ಎಂದು ಬರೆದರೆ ಅದೇ ಅಂಕ. ಉದಾಹರಣೆಗೆ, ಮೊತ್ತ 23, ಗುಣಲಬ್ಧ 132 ಆಗುವ ಎರಡು ಸಂಖ್ಯೆಗಳನ್ನು ಕೇಳಿದಿರೆನ್ನಿ. ಅದರ ಬೆನ್ನಿಗೇ ‘ಸೊಲ್ಯೂಷನ್’ ಎನ್ವಿರಾನ್‌ಮೆಂಟ್ ತೆರೆದು, 11 ಮತ್ತು 12 ಬರುವವರೆಗಿನ ಹಂತಗಳನ್ನು ಬರೆಯಿರಿ. ಕಡತದ ಆರಂಭದಲ್ಲಿ ‘ಪ್ರಿಂಟ್‌ಆನ್ಸರ್ಸ್’ ಕಮಾಂಡ್ ಇದ್ದರೆ ಉತ್ತರ ಚೌಕಟ್ಟಿನೊಳಗೆ ಮುದ್ರಣವಾಗುತ್ತದೆ. ಆ ಸಾಲಿನ ಆರಂಭದಲ್ಲಿ ಶೇಕಡಾ ಚಿಹ್ನೆ ಹಾಕಿದರೆ ಉತ್ತರ ಮಾಯವಾಗುತ್ತದೆ. ಚೌಕಟ್ಟಿನ ಬದಲು ಬಣ್ಣದ ಹಿನ್ನೆಲೆ ಬೇಕಿದ್ದರೆ ‘ಕಲರ್’ ಪ್ಯಾಕೇಜಿನೊಡನೆ ‘ಶೇಡೆಡ್‌ಸೊಲ್ಯೂಷನ್ಸ್’ ಇದೆಯಾದರೂ, ಜೆರಾಕ್ಸ್ ಪ್ರತಿಗಳಿಗೆ ಬರಿಯ ಗೆರೆಯೇ ಲೇಸು. ಇಂಗ್ಲಿಷ್ ಶೀರ್ಷಿಕೆಯ ಬದಲು ‘ಉತ್ತರ:’ ಎಂದು ಬರಲು ‘ಸೊಲ್ಯೂಷನ್‌ಟೈಟಲ್’ ಅನ್ನು ‘ರಿನ್ಯೂಕಮಾಂಡ್’ ಮೂಲಕ ಬದಲಿಸಿಕೊಳ್ಳಿ.

ಉತ್ತರ ಅಡಗಿದಾಗ ಮಕ್ಕಳು ಎಲ್ಲಿ ಬರೆಯಬೇಕು ಎಂಬುದನ್ನೂ ಇಲ್ಲಿಯೇ ನಿರ್ಧರಿಸಬಹುದು. ‘ಸೊಲ್ಯೂಷನ್’ ತೆರೆಯುವಾಗ ಚೌಕಾವರಣದಲ್ಲಿ 4 ಸೆಂ.ಮೀ. ಎಂದು ಕೊಟ್ಟರೆ ಅಷ್ಟು ಜಾಗ ಖಾಲಿ ಉಳಿಯುತ್ತದೆ. ಖಾಲಿ ಜಾಗದ ಬದಲು ಗೆರೆಗಳು ಬೇಕಾದಲ್ಲಿ ‘ಸೊಲ್ಯೂಷನ್‌ಆರ್‌ಲೈನ್ಸ್’, ನಕ್ಷೆ ಬಿಡಿಸುವ ಲೆಕ್ಕಕ್ಕೆ ‘ಸೊಲ್ಯೂಷನ್‌ಆರ್‌ಗ್ರಿಡ್’ ಬಳಸಿ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗೆ ‘ಫಿಲ್‌ಇನ್’ ಕಮಾಂಡ್ ಸಾಕು.

ಎರಡು ಪ್ರತಿಗಳೂ ಒಂದೇ ಹೆಸರಿನ ಪಿಡಿಎಫ್ ಆಗಿ ಒಂದನ್ನೊಂದು ಅಳಿಸಿಹಾಕದಂತೆ, ಕಂಪೈಲ್ ಮಾಡುವಾಗ ‘ಜಾಬ್‌ನೇಮ್’ ಆಯ್ಕೆಯಿಂದ ಬೇರೆ ಬೇರೆ ಹೆಸರು ಕೊಡಿ.

ಉತ್ತರಕ್ಕೆ ಬಿಳಿ ಬಣ್ಣ ಕೊಟ್ಟು ಮರೆಮಾಡುವ ಉಪಾಯವನ್ನು ಮಾತ್ರ ಅನುಸರಿಸಬೇಡಿ. ಕಾಗದದಲ್ಲಿ ಅದು ಕಾಣದಿದ್ದರೂ, ಪಿಡಿಎಫ್ ಅನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದಾಗ ಯಾವ ವಿದ್ಯಾರ್ಥಿಯಾದರೂ ಆ ಜಾಗವನ್ನು ಸೆಲೆಕ್ಟ್ ಮಾಡಿ, ಕಾಪಿ ಮಾಡಿ ಓದಿಕೊಳ್ಳಬಹುದು. ‘ಎಕ್ಸಾಮ್’ ಅಡಗಿಸಿದ ಉತ್ತರವಾದರೋ ಪಿಡಿಎಫ್‌ಗೆ ಸೇರುವುದೇ ಇಲ್ಲ.