ಗಂಟೆ ಹೊಡೆಯುವ ಗಡಿಯಾರವೂ ಇರಲಿ, ನಿದ್ದೆಯೂ ಬರಲಿ

ಮಲೆನಾಡಿನ ಮನೆಯ ಜಗುಲಿಯಲ್ಲಿದ್ದ ಗೋಡೆ ಗಡಿಯಾರವನ್ನು ಬೆಂಗಳೂರಿನ ಫ್ಲ್ಯಾಟಿಗೆ ತಂದ ಮೊದಲ ರಾತ್ರಿ ನಮ್ಮಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲ. ಅಲ್ಲಿ ಅಂಗಳಕ್ಕೆ ಹರಿದುಹೋಗುತ್ತಿದ್ದ ಸದ್ದು ಇಲ್ಲಿ ಕಾಂಕ್ರೀಟ್ ಗೋಡೆಗಳ ನಡುವೆ ಸಿಕ್ಕಿಬಿದ್ದಿತ್ತು. ಗಂಟೆಗೆ ತಕ್ಕಷ್ಟು ಪೆಟ್ಟು, ಅರ್ಧಕ್ಕೆ ಒಂದು. ದಿನಕ್ಕೆ ಒಟ್ಟು 180. ಹಾಗೆಂದು ಗಡಿಯಾರವನ್ನು ಅಟ್ಟಕ್ಕೇರಿಸಬೇಡಿ.

ಮೊದಲು ಜಾಗ ನೋಡಿ. ಮಲಗುವ ಕೋಣೆಗೆ ಹೊಂದಿಕೊಂಡ ಗೋಡೆ ಬೇಡ. ಪ್ಲೈವುಡ್ ಅಡ್ಡಗೋಡೆಯಂತೂ ಬೇಡವೇ ಬೇಡ, ಅದು ತಂಬೂರಿಯ ಬುರುಡೆಯ ಹಾಗೆ ಸದ್ದನ್ನು ಹಿಗ್ಗಿಸುತ್ತದೆ. ಇಟ್ಟಿಗೆಯ ಹೊರಗೋಡೆ ಒಳ್ಳೆಯದು. ಪೆಟ್ಟಿಗೆಯ ಹಿಂಬದಿ ಗೋಡೆಗೆ ತಾಗುವ ಕಡೆ ಕುರ್ಚಿಯ ಕಾಲಿಗೆ ಅಂಟಿಸುವ ಫೆಲ್ಟ್ ತುಂಡು ಅಂಟಿಸಿ. ತೂಗುಹಾಕಿದ ಮೇಲೆ ಕಿವಿಗೊಟ್ಟು ಕೇಳಿ: ಟಿಕ್-ಟಾಕ್ ಸಮನಾಗಿರಬೇಕು. ಕುಂಟುತ್ತಿದ್ದರೆ ಪೆಟ್ಟಿಗೆಯ ಕೆಳತುದಿಯನ್ನು ಕೂದಲೆಳೆಯಷ್ಟು ಎಡಕ್ಕೋ ಬಲಕ್ಕೋ ಸರಿಸಿ.

ನಿಜವಾದ ಮದ್ದು ಇರುವುದು ಸುತ್ತಿಗೆಯಲ್ಲಿ. ಬಾಗಿಲು ತೆರೆದರೆ ಲೋಲಕದ ಹಿಂದೆ ಸುರುಳಿ ತಂತಿ, ಅದಕ್ಕೆ ಬಡಿಯುವ ಪುಟ್ಟ ಸುತ್ತಿಗೆ ಕಾಣುತ್ತವೆ. ಹಲವು ಗಡಿಯಾರಗಳಲ್ಲಿ ಸುತ್ತಿಗೆಯ ಮೂತಿಗೆ ಚರ್ಮ ಇರುತ್ತದೆ. ವರ್ಷಗಳು ಕಳೆದಂತೆ ಅದು ಕಲ್ಲಾಗುತ್ತದೆ, ನಾದ ಕರ್ಕಶವಾಗುತ್ತದೆ. ಸೂಜಿಯಿಂದ ನಾಲ್ಕಾರು ಕಡೆ ಚುಚ್ಚಿದರೆ ಚರ್ಮ ಮೆತ್ತಗಾಗುತ್ತದೆ. ಆಗದಿದ್ದರೆ ಚಪ್ಪಲಿ ಹೊಲಿಯುವವರ ಬಳಿ ಮೆದುವಾದ ಚೂರು ಕೇಳಿ ತಂದು ಅಂಟಿಸಿ. ಹೊಡೆದ ಮೇಲೆ ಸುತ್ತಿಗೆ ತಂತಿಯಿಂದ ಎರಡು ಮೂರು ಮಿಲಿಮೀಟರ್ ದೂರ ನಿಲ್ಲಬೇಕು. ತಾಗಿಯೇ ನಿಂತರೆ ಝೇಂಕಾರ ಬರುತ್ತದೆ. ಸುತ್ತಿಗೆಯ ಕಡ್ಡಿಯನ್ನು ಬೆರಳಿನಿಂದ ತುಸುವೇ ಬಾಗಿಸಿ. ಸುರುಳಿಗೆ ಬಟ್ಟೆ ಮಾತ್ರ ಸುತ್ತಬೇಡಿ. ನಾದ ಸತ್ತು ಬರೀ ಬಡಿತ ಉಳಿಯುತ್ತದೆ, ಅದು ಇನ್ನೂ ಹಿಂಸೆ.

ಪೂರ್ತಿ ಮೌನವೇ ಬೇಕೆ? ಎರಡು ಕೀ ತೂತುಗಳಿದ್ದರೆ ಸಾಮಾನ್ಯವಾಗಿ ಬಲಗಡೆಯದು ಓಟಕ್ಕೆ, ಎಡಗಡೆಯದು ಗಂಟೆಗೆ. ಎಡಕ್ಕೆ ಕೀ ಕೊಡದೆ ಬಿಟ್ಟರೆ ಗಂಟೆ ನಿಲ್ಲುತ್ತದೆ, ಮುಳ್ಳು ನಡೆಯುತ್ತದೆ. ಆದರೆ ಕೆಲವು ಗಡಿಯಾರಗಳು ಹೀಗೆ ಬಿಟ್ಟಾಗ ಹನ್ನೆರಡು ದಾಟಿ ಒಂದಾಗುವ ಮುನ್ನ ನಿಂತುಬಿಡುತ್ತವೆ. ಮುಳ್ಳನ್ನು ಬಲವಂತವಾಗಿ ತಳ್ಳಬೇಡಿ, ರಿಪೇರಿಯವರಿಗೆ ತೋರಿಸಿ. ಕಾಲು ಗಂಟೆಗೊಮ್ಮೆ ವೆಸ್ಟ್‌ಮಿನ್‌ಸ್ಟರ್ ರಾಗ ನುಡಿಸುವ ಮೂರು ತೂತಿನವುಗಳಲ್ಲಿ ಮುಖದ ಅಂಚಿನಲ್ಲೋ ಪಕ್ಕದಲ್ಲೋ ಸದ್ದಡಗಿಸುವ ಪುಟ್ಟ ಕೀಲು ಇರುವುದುಂಟು. ಕೆಲವು ಬ್ಯಾಟರಿ ಗಡಿಯಾರಗಳು ಕತ್ತಲಾದರೆ ತಾವೇ ಸುಮ್ಮನಾಗುತ್ತವೆ. ಪಕ್ಕದಲ್ಲೇ ರಾತ್ರಿಯಿಡೀ ದೀಪ ಉರಿಯುತ್ತಿದ್ದರೆ ಅವಕ್ಕೆ ಅದು ಹಗಲೇ.

ನೆಂಟರು ಬಂದು ಹಾಲಿನಲ್ಲಿ ಮಲಗಿದಾಗ ನಾವು ಲೋಲಕವನ್ನೇ ಕೈಯಿಂದ ಹಿಡಿದು ನಿಲ್ಲಿಸುತ್ತೇವೆ. ಬೆಳಿಗ್ಗೆ ದೊಡ್ಡ ಮುಳ್ಳನ್ನು ಮುಂದಕ್ಕೇ ತಿರುಗಿಸಬೇಕು, ಪ್ರತಿ ಅರ್ಧಕ್ಕೂ ನಿಲ್ಲಿಸಿ ಗಂಟೆ ಪೂರ್ತಿ ಹೊಡೆಯಲು ಬಿಡಬೇಕು. ಹಿಂದಕ್ಕೆ ತಿರುಗಿಸಿದರೆ ಒಳಗಿನ ಭಾಗಗಳಿಗೆ ಪೆಟ್ಟಾಗಬಹುದು.

ಇಷ್ಟೆಲ್ಲ ಮಾಡುವ ಮೊದಲು ಮನೆಯ ಹಿರಿಯರನ್ನೊಮ್ಮೆ ಕೇಳಿ. ನಾನು ಕೇಳದೆಯೇ ಒಂದು ವಾರ ಗಂಟೆ ನಿಲ್ಲಿಸಿದ್ದೆ. ಕಣ್ಣು ಮಂಜಾದ ಅಮ್ಮ ರಾತ್ರಿ ಎಚ್ಚರವಾದಾಗಲೆಲ್ಲ ಬೆಳಗಾಗಲು ಎಷ್ಟು ಹೊತ್ತಿದೆಯೆಂದು ತಿಳಿಯದೆ ಸುಮ್ಮನೆ ಮಲಗಿರುತ್ತಿದ್ದರಂತೆ. ಈಗ ಚರ್ಮ ಬದಲಾಯಿಸಿದ ಸುತ್ತಿಗೆ ಮೆಲ್ಲಗೆ ನಾಲ್ಕು ಹೊಡೆಯುತ್ತದೆ, ಅವರು ಎದ್ದು ಕೂರುತ್ತಾರೆ. ನಮಗೆ ಅದು ಕೇಳಿಸುವುದೇ ಇಲ್ಲ.